ತೋಟದಲ್ಲಿ ಅಪರಿಚಿತ ಪತಂಗ, ಹೊಸ ಕೀಟ ಕಂಡಾಗ ಮಾಡಬೇಕಾದುದೇನು?

ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ಜಗುಲಿಯ ದೀಪದ ಸುತ್ತ ಹತ್ತಾರು ಬಗೆಯ ಪತಂಗಗಳು ಸೇರುತ್ತವೆ. ಅವುಗಳ ನಡುವೆ ಹಿಂದೆಂದೂ ಕಾಣದ ಒಂದು ಪತಂಗ ಗೋಡೆಗೆ ಅಂಟಿಕೊಂಡಂತೆ ಕುಳಿತಿರಬಹುದು. ಮರುದಿನ ಬೆಳಗ್ಗೆ ತೋಟಕ್ಕೆ ಹೋದಾಗ ಎಲೆಯ ಅಡಿಯಲ್ಲಿ ಗುರುತು ಹತ್ತದ ಒಂದು ಹುಳು ಕಾಣಬಹುದು. ಆಗ ಪ್ರತಿಯೊಬ್ಬ ಬೆಳೆಗಾರರ ಮನಸ್ಸಿನಲ್ಲೂ ಏಳುವ ಪ್ರಶ್ನೆ ಒಂದೇ: ಇದು ಬೆಳೆಗೆ ಕೇಡು ಮಾಡುವುದೇ, ಔಷಧಿ ಸಿಂಪಡಿಸಬೇಕೇ?

ಈ ಸಂದರ್ಭದಲ್ಲಿ ಸಾಮಾನ್ಯವಾಗಿ ಎರಡು ಬಗೆಯ ತಪ್ಪುಗಳು ನಡೆಯುತ್ತವೆ. ನಿರುಪದ್ರವಿ ಕೀಟವನ್ನು ಕಂಡು ಗಾಬರಿಗೊಂಡು ಕೀಟನಾಶಕ ಸಿಂಪಡಿಸುವುದು ಮೊದಲನೆಯದು. ನಿಜವಾಗಿಯೂ ಹೊಸದಾಗಿ ಬಂದಿರುವ ಪೀಡೆಯನ್ನು 'ನಮ್ಮ ಹಳೆಯ ಹುಳುವೇ ಇರಬೇಕು' ಎಂದು ಕಡೆಗಣಿಸುವುದು ಎರಡನೆಯದು. ಮೊದಲ ತಪ್ಪಿನಿಂದ ಹಣ ಹಾಗೂ ರೈತಸ್ನೇಹಿ ಕೀಟಗಳು ನಷ್ಟವಾಗುತ್ತವೆ. ಎರಡನೆಯ ತಪ್ಪಿನಿಂದ ಒಬ್ಬರ ಹೊಲದ ಪೀಡೆ ಇಡೀ ಜಿಲ್ಲೆಯ ಪೀಡೆಯಾಗುತ್ತದೆ. ಇವೆರಡನ್ನೂ ತಪ್ಪಿಸುವ ದಾರಿಯನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

2018ರ ಪಾಠ

2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಸುತ್ತಮುತ್ತಲಿನ ಮೆಕ್ಕೆಜೋಳದ ಹೊಲಗಳಲ್ಲಿ ಸುಳಿಯನ್ನು ತಿನ್ನುತ್ತಿದ್ದ ಮರಿಹುಳುಗಳು ಕಂಡುಬಂದವು. ಮೇಲ್ನೋಟಕ್ಕೆ ಅವು ನಮ್ಮ ಹಳೆಯ ಸೈನಿಕ ಹುಳುವನ್ನೇ ಹೋಲುತ್ತಿದ್ದವು. ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು ಅವುಗಳ ಬಾಹ್ಯ ಲಕ್ಷಣಗಳನ್ನೂ ಡಿಎನ್‌ಎಯನ್ನೂ ಪರೀಕ್ಷಿಸಿ, ಅದು ಅಮೆರಿಕ ಖಂಡ ಮೂಲದ ಫಾಲ್ ಸೈನಿಕ ಹುಳು ಎಂದು ದೃಢಪಡಿಸಿದರು. ಭಾರತದಲ್ಲಿ ಈ ಕೀಟ ದಾಖಲಾದದ್ದು ಅದೇ ಮೊದಲು. ಅದಕ್ಕೆ ಎರಡು ವರ್ಷ ಮೊದಲು, 2016ರಲ್ಲಿ, ಅದು ಪಶ್ಚಿಮ ಆಫ್ರಿಕಕ್ಕೆ ಕಾಲಿಟ್ಟಿತ್ತು.

ಈ ಕೀಟದ ಪತಂಗ ಗಾಳಿಯ ನೆರವಿನಿಂದ ಒಂದೇ ರಾತ್ರಿಯಲ್ಲಿ ನೂರು ಕಿಲೋಮೀಟರ್‌ವರೆಗೆ ಹಾರಬಲ್ಲದು. ಒಂದು ಹೆಣ್ಣು ತನ್ನ ಜೀವಿತಾವಧಿಯಲ್ಲಿ ಸಾವಿರಕ್ಕೂ ಹೆಚ್ಚು ಮೊಟ್ಟೆಗಳನ್ನು ಗುಂಪು ಗುಂಪಾಗಿ ಇಡಬಲ್ಲದು. ಹೀಗಾಗಿ ಶಿವಮೊಗ್ಗದಲ್ಲಿ ಕಂಡ ಕೀಟ ಒಂದೂವರೆ ವರ್ಷದೊಳಗೆ ದೇಶದ ಬಹುತೇಕ ಮೆಕ್ಕೆಜೋಳ ಬೆಳೆಯುವ ರಾಜ್ಯಗಳನ್ನು ತಲುಪಿತು. ಅದನ್ನು ತಡೆಗಟ್ಟಲು ಆಗಲಿಲ್ಲವಾದರೂ ಬೇಗ ಗುರುತಿಸಿದ್ದರಿಂದ ಉಳಿದ ಜಿಲ್ಲೆಗಳ ಹಾಗೂ ರಾಜ್ಯಗಳ ರೈತರಿಗೆ ಮುನ್ನೆಚ್ಚರಿಕೆ ನೀಡಲು ಸಾಧ್ಯವಾಯಿತು.

ಈ ಹುಳುವಿನ ಗುರುತು ಇಂದಿಗೂ ಎಲ್ಲರಿಗೂ ತಿಳಿದಿರಬೇಕು:

- ಬೆಳೆದ ಮರಿಹುಳುವಿನ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ 'ವೈ' ಅಕ್ಷರದ ಆಕಾರದ ಬಿಳಿ ಗೆರೆ ಇರುತ್ತದೆ.
- ಬಾಲದ ಬಳಿ, ಕೊನೆಯಿಂದ ಎರಡನೆಯ ಖಂಡದ ಮೇಲೆ, ನಾಲ್ಕು ಕಪ್ಪು ಚುಕ್ಕೆಗಳು ಚೌಕಾಕಾರದಲ್ಲಿ ಎದ್ದು ಕಾಣುತ್ತವೆ.
- ಮರಿ ಹಂತದಲ್ಲಿ ಎಲೆಯ ಹಸಿರನ್ನು ಕೆರೆದು ತಿನ್ನುವುದರಿಂದ ಎಲೆ ಕಾಗದದ ಕಿಟಕಿಯಂತೆ ಕಾಣುತ್ತದೆ. ನಂತರ ಸುಳಿಯೊಳಗೆ ಸೇರಿ, ಒದ್ದೆ ಮರದ ಹೊಟ್ಟಿನಂತಹ ಹಿಕ್ಕೆಯನ್ನು ತುಂಬುತ್ತದೆ.

ತಲೆಯ ಗೆರೆಯೊಂದನ್ನೇ ನೋಡಿ ನಿರ್ಧರಿಸಬಾರದು. ಬೇರೆ ಕೆಲವು ಮರಿಹುಳುಗಳ ತಲೆಯ ಮೇಲೂ ಅಂತಹ ಗೆರೆ ಮಸುಕಾಗಿ ಕಾಣುತ್ತದೆ. ಗೆರೆ, ಬಾಲದ ಬಳಿಯ ನಾಲ್ಕು ಚುಕ್ಕೆ ಹಾಗೂ ಸುಳಿಯಲ್ಲಿನ ಹಿಕ್ಕೆ ಮೂರೂ ಸೇರಿದಾಗ ಗುರುತು ಖಚಿತವಾಗುತ್ತದೆ.

ಅಪರೂಪವಾದುದೆಲ್ಲ ಅಪಾಯಕಾರಿಯಲ್ಲ

ತೋಟದಲ್ಲಿ ಕಾಣುವ ದೊಡ್ಡ, ವಿಚಿತ್ರ ರೂಪದ ಪತಂಗಗಳಲ್ಲಿ ಹೆಚ್ಚಿನವು ಬೆಳೆಗೆ ಯಾವ ಹಾನಿಯನ್ನೂ ಮಾಡುವುದಿಲ್ಲ. ಅಂತಹ ಕೆಲವನ್ನು ಇಲ್ಲಿ ಪರಿಚಯಿಸಲಾಗಿದೆ.

ಅಟ್ಲಾಸ್ ಪತಂಗ: ಮಲೆನಾಡು ಹಾಗೂ ಪಶ್ಚಿಮ ಘಟ್ಟದ ಅಂಚಿನ ಅಡಿಕೆ, ಕಾಫಿ ತೋಟಗಳಲ್ಲಿ ಆಗಾಗ ಕಾಣಿಸಿಕೊಳ್ಳುವ ಬೃಹತ್ ಪತಂಗ. ಬಿಚ್ಚಿದ ರೆಕ್ಕೆಗಳ ಅಗಲ ಒಂದು ಗೇಣಿನಷ್ಟಿರುತ್ತದೆ. ರೆಕ್ಕೆಯ ತುದಿ ಹಾವಿನ ತಲೆಯಂತೆ ಕಾಣುವುದರಿಂದ ಜನರು ಹೆದರುವುದುಂಟು. ಪ್ರೌಢ ಪತಂಗಕ್ಕೆ ಆಹಾರ ತಿನ್ನಬಲ್ಲ ಬಾಯಿಯ ಭಾಗಗಳಿಲ್ಲ. ಮರಿಹುಳುವಾಗಿದ್ದಾಗ ಸಂಗ್ರಹಿಸಿದ ಕೊಬ್ಬಿನ ಬಲದಿಂದ ಕೆಲವು ದಿನ ಬದುಕಿ, ಮೊಟ್ಟೆಯಿಟ್ಟು ಸಾಯುತ್ತದೆ.

ಚಂದ್ರ ಪತಂಗ: ತಿಳಿಹಸಿರು ಬಣ್ಣದ, ಹಿಂದಿನ ರೆಕ್ಕೆಗಳಿಗೆ ಉದ್ದನೆಯ ಬಾಲವಿರುವ ಪತಂಗ. ಇದೂ ಪ್ರೌಢಾವಸ್ಥೆಯಲ್ಲಿ ಏನನ್ನೂ ತಿನ್ನುವುದಿಲ್ಲ.

ಕಣಗಿಲೆಯ ಗಿಡುಗ ಪತಂಗ: ಮನೆಯಂಗಳದ ಕಣಗಿಲೆ, ನಂದಿಬಟ್ಟಲು ಗಿಡಗಳಲ್ಲಿ ಬೆರಳಿನಷ್ಟು ದಪ್ಪದ ಹಸಿರು ಹುಳು ಕಂಡು, ಅದರ ತಲೆಯ ಹಿಂದೆ ನೀಲಿ ಕಣ್ಣಿನಂತಹ ಗುರುತು ಇದ್ದರೆ ಅದು ಈ ಪತಂಗದ ಮರಿ. ಆ ಕಣ್ಣುಗಳು ಹಕ್ಕಿಗಳನ್ನು ಬೆದರಿಸಲು ಇರುವ ಬಣ್ಣದ ಮಚ್ಚೆಗಳಷ್ಟೆ. ಹುಳು ಕಚ್ಚುವುದಿಲ್ಲ, ಕುಟುಕುವುದೂ ಇಲ್ಲ.

ತಲೆಬುರುಡೆ ಪತಂಗ: ಬೆನ್ನ ಮೇಲೆ ತಲೆಬುರುಡೆಯಂತಹ ಗುರುತಿರುವ, ಹಿಡಿದರೆ ಕೀಚಲು ಸದ್ದು ಮಾಡುವ ಪತಂಗ. ಅಪಶಕುನವೆಂದು ಇದನ್ನು ಕೊಲ್ಲುವವರಿದ್ದಾರೆ. ರಾತ್ರಿ ಜೇನುಗೂಡಿಗೆ ನುಗ್ಗಿ ಜೇನು ಹೀರುವುದರಿಂದ ಜೇನು ಸಾಕುವವರು ಪೆಟ್ಟಿಗೆಯ ಬಾಗಿಲನ್ನು ಕಿರಿದಾಗಿಡಬೇಕು. ಇದರ ಮರಿಹುಳು ಎಳ್ಳು, ಬದನೆ ಗಿಡಗಳಲ್ಲಿ ಒಂದೆರಡರಂತೆ ಕಾಣುತ್ತದೆ. ಹಿಂಭಾಗದಲ್ಲಿ ಕೊಂಬಿನಂತಹ ರಚನೆಯಿರುವ ಆ ಹುಳುಗಳನ್ನು ಕೈಯಿಂದ ಆರಿಸಿ ತೆಗೆದರೆ ಸಾಕು.

ಪತಂಗಗಳಲ್ಲದೆ ಬೇರೆ ಕೀಟಗಳ ವಿಷಯದಲ್ಲೂ ಇಂತಹ ಗೊಂದಲವಾಗುತ್ತದೆ. 2020ರಲ್ಲಿ ಉತ್ತರ ಭಾರತಕ್ಕೆ ಮರುಭೂಮಿ ಮಿಡತೆಯ ಹಿಂಡುಗಳು ಬಂದಾಗ, ಎಕ್ಕದ ಗಿಡಗಳ ಮೇಲೆ ಗುಂಪಾಗಿ ಕುಳಿತಿದ್ದ ಹಳದಿ-ನೀಲಿ ಪಟ್ಟೆಯ ಮಿಡತೆಗಳನ್ನು ಕಂಡು ನಮ್ಮ ರಾಜ್ಯದ ಕೆಲವೆಡೆಯೂ ಆತಂಕ ಉಂಟಾಗಿತ್ತು. ಅವು ನಮ್ಮ ನೆಲದವೇ ಆದ ಎಕ್ಕದ ಮಿಡತೆಗಳು. ಅವುಗಳ ಮುಖ್ಯ ಆಹಾರ ಎಕ್ಕ. ಮರುಭೂಮಿ ಮಿಡತೆಯಂತೆ ಹಿಂಡುಗಟ್ಟಿ ದೇಶ ದಾಟುವ ಸ್ವಭಾವ ಅವಕ್ಕಿಲ್ಲ. ಕೀಟ ಕುಳಿತಿರುವ ಗಿಡ ಯಾವುದೆಂದು ನೋಡಿದ್ದರೆ ಅರ್ಧ ಆತಂಕ ಅಲ್ಲಿಯೇ ಕಡಿಮೆಯಾಗುತ್ತಿತ್ತು.

ಚೆಲುವಾದ ಪತಂಗ ಕೇಡು ಮಾಡುವುದೂ ಉಂಟು

ದೊಡ್ಡ ಪತಂಗಗಳೆಲ್ಲ ನಿರುಪದ್ರವಿ ಎಂದು ಭಾವಿಸುವುದೂ ತಪ್ಪು. ದಾಳಿಂಬೆ, ಮೋಸಂಬಿ, ಕಿತ್ತಳೆ ತೋಟಗಳಲ್ಲಿ ಹಣ್ಣಿನ ರಸ ಹೀರುವ ಪತಂಗ ಇದಕ್ಕೆ ಉದಾಹರಣೆ. ಇದರ ಮುಂದಿನ ರೆಕ್ಕೆಗಳು ಒಣಗಿದ ಎಲೆಯಂತಿದ್ದು, ಹಿಂದಿನ ರೆಕ್ಕೆಗಳು ಉಜ್ವಲ ಕಿತ್ತಳೆ ಬಣ್ಣಕ್ಕೆ ಕಪ್ಪು ಅಂಚು ಹೊಂದಿರುತ್ತವೆ. ನೋಡಲು ಅಂದವಾಗಿದ್ದರೂ ಇದರ ಗಟ್ಟಿಯಾದ ಕೊಳವೆಬಾಯಿ ಹಣ್ಣಿನ ಸಿಪ್ಪೆಯನ್ನು ಚುಚ್ಚಿ ತೂರಬಲ್ಲದು.

ಸಾಮಾನ್ಯವಾಗಿ ಪತಂಗಗಳಲ್ಲಿ ಬೆಳೆ ಹಾಳು ಮಾಡುವುದು ಮರಿಹುಳು. ಇಲ್ಲಿ ಹಾನಿ ಮಾಡುವುದು ಪ್ರೌಢ ಪತಂಗವೇ. ಕತ್ತಲಾದ ಮೇಲೆ ಬಂದು ಮಾಗುತ್ತಿರುವ ಹಣ್ಣಿಗೆ ಸೂಜಿಮೊನೆಯಷ್ಟು ರಂಧ್ರ ಮಾಡಿ ರಸ ಹೀರುತ್ತದೆ. ಆ ರಂಧ್ರದ ಮೂಲಕ ಶಿಲೀಂಧ್ರ ಸೇರಿ ಹಣ್ಣು ಕೊಳೆತು ಉದುರುತ್ತದೆ. ಹಗಲಿನಲ್ಲಿ ತೋಟವನ್ನೆಲ್ಲ ಹುಡುಕಿದರೂ ಹುಳು ಸಿಗದ ಕಾರಣ ಬೆಳೆಗಾರರು ಇದನ್ನು ರೋಗವೆಂದು ತಿಳಿದು ಶಿಲೀಂಧ್ರನಾಶಕ ಸಿಂಪಡಿಸುವುದುಂಟು. ಹಣ್ಣು ಅಕಾರಣವಾಗಿ ಉದುರುತ್ತಿದ್ದರೆ ರಾತ್ರಿ ಟಾರ್ಚ್ ಹಿಡಿದು ಒಮ್ಮೆ ತೋಟ ಸುತ್ತಿ ನೋಡಬೇಕು.

ಇದರ ಮರಿಹುಳುಗಳು ಬೆಳೆಯುವುದು ಹಣ್ಣಿನ ಗಿಡದ ಮೇಲಲ್ಲ, ಬೇಲಿಯಲ್ಲಿ ಹಬ್ಬಿರುವ ಅಮೃತಬಳ್ಳಿ, ದಾಗಡಿ ಬಳ್ಳಿಗಳ ಮೇಲೆ. ಆದ್ದರಿಂದ ತೋಟದ ಸುತ್ತಲಿನ ಈ ಬಳ್ಳಿಗಳನ್ನು ತೆಗೆಯುವುದು, ಉದುರಿದ ಹಣ್ಣುಗಳನ್ನು ಪ್ರತಿದಿನ ಆರಿಸಿ ಮಣ್ಣಿನಲ್ಲಿ ಹೂಳುವುದು, ಹಣ್ಣುಗಳಿಗೆ ಚೀಲ ಕಟ್ಟುವುದು ಹಾಗೂ ರಾತ್ರಿ ಪತಂಗಗಳನ್ನು ಹಿಡಿದು ನಾಶಪಡಿಸುವುದು ಪರಿಣಾಮಕಾರಿ. ಔಷಧಕ್ಕಾಗಿ ಅಮೃತಬಳ್ಳಿ ಬೆಳೆಸುವವರು ಅದನ್ನು ಹಣ್ಣಿನ ತೋಟದಿಂದ ದೂರ ಬೆಳೆಸಬೇಕು.

ಶತ್ರುವಿನಂತೆ ಕಾಣುವ ಮಿತ್ರರು

ಅಪರಿಚಿತ ಹುಳುವೆಂದು ರೈತರು ಹೆಚ್ಚಾಗಿ ಕೊಲ್ಲುವುದು ತಮ್ಮ ಮಿತ್ರರನ್ನೇ. ಕೆಳಗಿನವುಗಳನ್ನು ಗುರುತಿಟ್ಟುಕೊಳ್ಳಿ:

- ಗುಲಗಂಜಿ ಹುಳುವಿನ ಮರಿ: ದುಂಡನೆಯ ಕೆಂಪು ಗುಲಗಂಜಿ ಹುಳು ಎಲ್ಲರಿಗೂ ಗೊತ್ತು. ಅದರ ಮರಿ ಮಾತ್ರ ಪುಟ್ಟ ಮೊಸಳೆಯಂತೆ, ಕಪ್ಪು ಮೈಗೆ ಹಳದಿ ಅಥವಾ ಕಿತ್ತಳೆ ಮಚ್ಚೆಯೊಂದಿಗೆ ಕಾಣುತ್ತದೆ. ಇದು ಸಸ್ಯಹೇನುಗಳನ್ನು ತಿನ್ನುತ್ತದೆ.
- ಕ್ರಿಪ್ಟೊಲೀಮಸ್ ದುಂಬಿಯ ಮರಿ: ಮೈಮೇಲೆ ಬಿಳಿ ಮೇಣದ ಎಳೆಗಳಿದ್ದು ಥೇಟ್ ಹಿಟ್ಟು ತಿಗಣೆಯಂತೆಯೇ ಕಾಣುತ್ತದೆ. ಆದರೆ ಇದು ಹಿಟ್ಟು ತಿಗಣೆಯನ್ನು ತಿನ್ನುವ ಪರಭಕ್ಷಕ. ಕಡ್ಡಿಯಿಂದ ಮೆಲ್ಲನೆ ಮುಟ್ಟಿದರೆ ಚುರುಕಾಗಿ ಓಡುತ್ತದೆ. ಹಿಟ್ಟು ತಿಗಣೆ ಇದ್ದಲ್ಲಿಯೇ ಇರುತ್ತದೆ ಅಥವಾ ಬಹಳ ನಿಧಾನವಾಗಿ ಚಲಿಸುತ್ತದೆ.
- ದಾರದ ತುದಿಯ ಮೊಟ್ಟೆಗಳು: ಎಲೆಯ ಮೇಲೆ ಕೂದಲಿನಂತಹ ದಾರದ ತುದಿಯಲ್ಲಿ ನಿಂತ ಸಣ್ಣ ಬಿಳಿ ಮೊಟ್ಟೆಗಳು ಹಸಿರು ಬಲೆರೆಕ್ಕೆ ಕೀಟದವು. ಇದರ ಮರಿಗಳು ಸಸ್ಯಹೇನು, ಬಿಳಿನೊಣದ ಮರಿಗಳನ್ನು ತಿನ್ನುತ್ತವೆ.
- ಅಕ್ಕಿಕಾಳು ಹೊತ್ತ ಹುಳು: ಮರಿಹುಳುವಿನ ಮೈಮೇಲೆ ಅಥವಾ ಪಕ್ಕದಲ್ಲಿ ಅಕ್ಕಿಕಾಳಿನಂತಹ ಬಿಳಿ ಗೂಡುಗಳಿದ್ದರೆ ಅವು ಪರತಂತ್ರ ಕಣಜಗಳ ಗೂಡುಗಳು. ಆ ಹುಳು ಹೇಗೂ ಸಾಯುತ್ತದೆ. ಅದನ್ನು ಹಾಗೆಯೇ ಬಿಟ್ಟರೆ ಹತ್ತಾರು ಕಣಜಗಳು ಹೊರಬಂದು ಬೇರೆ ಹುಳುಗಳನ್ನು ಹುಡುಕುತ್ತವೆ.
- ಪುಡಿ ಬಳಿದಂತಿರುವ ಸತ್ತ ಹುಳು: ಎಲೆಗೆ ಕಚ್ಚಿಕೊಂಡು ಸೆಟೆದು ಸತ್ತ, ಬಿಳಿ ಅಥವಾ ತಿಳಿಹಸಿರು ಪುಡಿ ಬಳಿದಂತಹ ಹುಳುಗಳು ಶಿಲೀಂಧ್ರ ರೋಗಕ್ಕೆ ತುತ್ತಾದವು. ಇವು ಹೆಚ್ಚಾಗಿ ಕಂಡರೆ ರೋಗವೇ ಪೀಡೆಯನ್ನು ಹತೋಟಿಗೆ ತರುತ್ತಿದೆ ಎಂದರ್ಥ.

ಪತಂಗಗಳಲ್ಲಿಯೂ ಮಿತ್ರರಿದ್ದಾರೆ. 2002ರಿಂದೀಚೆಗೆ ಮಹಾರಾಷ್ಟ್ರ ಹಾಗೂ ಉತ್ತರ ಕರ್ನಾಟಕದ ಕಬ್ಬಿನ ಬೆಳೆಯನ್ನು ಬಿಳಿ ಉಣ್ಣೆ ಹೇನು ತೀವ್ರವಾಗಿ ಕಾಡಿತು. ಅದನ್ನು ಹತೋಟಿಗೆ ತರಲು ನೆರವಾದ ಮುಖ್ಯ ಕೀಟಗಳಲ್ಲಿ ಡೈಫಾ ಎಂಬ ಸಣ್ಣ ಬೂದು ಪತಂಗವೂ ಒಂದು. ಅದರ ಮರಿಹುಳು ಎಲೆ ತಿನ್ನುವುದಿಲ್ಲ. ಬಿಳಿ ಹೇನಿನ ಗುಂಪಿನ ನಡುವೆ ಬಲೆ ನೇಯ್ದುಕೊಂಡು ಹೇನುಗಳನ್ನೇ ತಿನ್ನುತ್ತದೆ. 'ಹೇನಿನ ಜೊತೆಗೆ ಹುಳುವೂ ಬಂದಿದೆ' ಎಂದು ತಿಳಿದು ಔಷಧಿ ಹೊಡೆದವರು ತಮ್ಮ ಕಾವಲುಗಾರನನ್ನೇ ಕಳೆದುಕೊಂಡಂತಾಗುತ್ತದೆ.

ನಿರ್ಧರಿಸುವ ಮೊದಲು ನಾಲ್ಕು ಪ್ರಶ್ನೆಗಳು

ಕೀಟದ ಗಾತ್ರ, ಬಣ್ಣ, ವಿಚಿತ್ರ ರೂಪ ಇವುಗಳಿಂದ ಅದು ಹಿತವೋ ಅಹಿತವೋ ತಿಳಿಯುವುದಿಲ್ಲ ಎಂಬುದು ಮೇಲಿನ ಉದಾಹರಣೆಗಳಿಂದ ಸ್ಪಷ್ಟವಾಗುತ್ತದೆ. ಆದ್ದರಿಂದ ಹೊಸ ಕೀಟ ಕಂಡಾಗ ಈ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಿ.

1. ಯಾವ ಗಿಡದ ಮೇಲಿದೆ? ಗೋಡೆಯ ಮೇಲೆ ಕುಳಿತ ಪತಂಗಕ್ಕೂ ಬೆಳೆಯ ಮೇಲಿರುವ ಹುಳುವಿಗೂ ವ್ಯತ್ಯಾಸವಿದೆ. ಕಳೆಗಿಡದ ಮೇಲೆ ಮಾತ್ರ ಇದ್ದು, ಪಕ್ಕದ ಬೆಳೆಯನ್ನು ಮುಟ್ಟದಿದ್ದರೆ ಅವಸರಪಡುವ ಅಗತ್ಯವಿಲ್ಲ.
2. ಏನು ಮಾಡುತ್ತಿದೆ? ಎಲೆ ತಿನ್ನುತ್ತಿದೆಯೇ, ರಸ ಹೀರುತ್ತಿದೆಯೇ, ಬೇರೆ ಕೀಟವನ್ನು ತಿನ್ನುತ್ತಿದೆಯೇ ಅಥವಾ ಸುಮ್ಮನೆ ವಿಶ್ರಮಿಸುತ್ತಿದೆಯೇ ಎಂದು ಹತ್ತು ನಿಮಿಷ ನಿಂತು ನೋಡಿ.
3. ಎಷ್ಟಿದೆ? ಹೊಲದ ಐದು ಕಡೆ, ಪ್ರತಿ ಕಡೆ ಇಪ್ಪತ್ತು ಗಿಡಗಳನ್ನು ಪರೀಕ್ಷಿಸಿ. ನೂರು ಗಿಡಗಳಲ್ಲಿ ಎಷ್ಟರಲ್ಲಿ ಕೀಟ ಅಥವಾ ಹಾನಿ ಇದೆ ಎಂದು ಬರೆದುಕೊಳ್ಳಿ.
4. ಹೆಚ್ಚುತ್ತಿದೆಯೇ? ಎರಡು ಮೂರು ದಿನ ಬಿಟ್ಟು ಅದೇ ಜಾಗಗಳನ್ನು ಮತ್ತೆ ನೋಡಿ. ಅಕ್ಕಪಕ್ಕದ ಹೊಲದವರನ್ನೂ ವಿಚಾರಿಸಿ.

ಬೆಳೆಯ ಮೇಲಿದ್ದು, ಅದನ್ನೇ ತಿನ್ನುತ್ತಿದ್ದು, ಹಲವು ಗಿಡಗಳಲ್ಲಿ ಕಂಡು, ನಿಮಗೂ ನೆರೆಯವರಿಗೂ ಗುರುತು ಹತ್ತದಿದ್ದರೆ ಮರುಪರಿಶೀಲನೆಗೆ ಕಾಯದೆ ಅದೇ ದಿನ ತಜ್ಞರಿಗೆ ತಿಳಿಸಬೇಕು. ಪರಿಚಿತ ಪೀಡೆಯೊಂದು ಹಿಂದೆಂದೂ ತಿನ್ನದ ಬೆಳೆಯನ್ನು ತಿನ್ನತೊಡಗಿದ್ದರೂ ತಿಳಿಸಬೇಕು.

ಹೊರಗಿನಿಂದ ಬಂದ ಕೀಟಗಳು: ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ

ಹೊಸ ಪೀಡೆಗಳು ಹಳೆಯ ಪೀಡೆಗಳ ವೇಷದಲ್ಲಿಯೇ ಬರುತ್ತವೆ. ವ್ಯತ್ಯಾಸ ಸಣ್ಣದಾಗಿರುವುದರಿಂದ ಕಣ್ತಪ್ಪುವುದು ಸಹಜ.

ಟೊಮೆಟೊ: ರಂಗೋಲಿ ಹುಳು ಎಲೆಯ ಮೇಲೆ ಹಾವಿನಂತೆ ಬಳುಕುವ ಬಿಳಿ ಗೆರೆ ಎಳೆಯುತ್ತದೆ. 2014ರಲ್ಲಿ ಮಹಾರಾಷ್ಟ್ರದಲ್ಲಿ ಮೊದಲು ಕಂಡು ಬಳಿಕ ನಮ್ಮ ರಾಜ್ಯಕ್ಕೂ ಬಂದ, ದಕ್ಷಿಣ ಅಮೆರಿಕ ಮೂಲದ ಟ್ಯೂಟಾ ಪತಂಗದ ಮರಿ ಗೆರೆಯ ಬದಲು ಅಗಲವಾದ, ಪಾರದರ್ಶಕ ಮಚ್ಚೆಗಳನ್ನು ಮಾಡುತ್ತದೆ. ಹಣ್ಣಿನಲ್ಲಿಯೂ ವ್ಯತ್ಯಾಸವಿದೆ. ಕಾಯಿಕೊರಕ ದೊಡ್ಡ ರಂಧ್ರ ಮಾಡಿದರೆ, ಟ್ಯೂಟಾ ಸೂಜಿಮೊನೆಯಷ್ಟು ಸಣ್ಣ ರಂಧ್ರಗಳನ್ನು ಮಾಡುತ್ತದೆ. ಪತಂಗ ಅಕ್ಕಿಕಾಳಿನಷ್ಟು ಚಿಕ್ಕದು.

ಮೆಣಸಿನಕಾಯಿ: ನಮ್ಮ ಹಳೆಯ ಥ್ರಿಪ್ಸ್ ನುಸಿ ತಿಳಿಹಳದಿ ಬಣ್ಣದ್ದು. ಅದು ಮುಖ್ಯವಾಗಿ ಎಲೆಗಳನ್ನು ಬಾಧಿಸಿ ಮೇಲ್ಮುಖವಾಗಿ ಮುದುಡಿಸುತ್ತದೆ. 2015ರಲ್ಲಿ ಬೆಂಗಳೂರಿನಲ್ಲಿ ಪಪ್ಪಾಯಿಯ ಮೇಲೆ ಮೊದಲು ಗುರುತಿಸಲಾದ ಆಗ್ನೇಯ ಏಷ್ಯಾ ಮೂಲದ ಕಪ್ಪು ಥ್ರಿಪ್ಸ್, 2021ರಲ್ಲಿ ಆಂಧ್ರಪ್ರದೇಶ, ತೆಲಂಗಾಣ ಹಾಗೂ ಕರ್ನಾಟಕದ ಮೆಣಸಿನಕಾಯಿ ಬೆಳೆಯಲ್ಲಿ ಭಾರಿ ಪ್ರಮಾಣದಲ್ಲಿ ಕಾಣಿಸಿಕೊಂಡಿತು. ಅದು ಹೂವಿನೊಳಗೆ ಗುಂಪಾಗಿ ಸೇರಿ ಹೂ ಉದುರುವಂತೆ ಮಾಡುತ್ತದೆ. ಬಿಳಿ ಹಾಳೆಯ ಮೇಲೆ ಹೂವನ್ನು ಕೊಡವಿದರೆ ಕಪ್ಪು ಎಳ್ಳಿಗಿಂತ ಸಣ್ಣ ಕೀಟಗಳು ಹರಿದಾಡುವುದು ಕಾಣುತ್ತದೆ. ಪದೇ ಪದೇ ಬಗೆಬಗೆಯ ಔಷಧಿಗಳನ್ನು ಬೆರೆಸಿ ಸಿಂಪಡಿಸಿದ ಹೊಲಗಳಲ್ಲಿಯೂ ಹತೋಟಿ ಸಿಗದೆ ರೈತರು ಖರ್ಚಿನ ಹೊರೆ ಹೊತ್ತದ್ದನ್ನು ಮರೆಯಬಾರದು.

ತೆಂಗು: 2016ರಲ್ಲಿ ತಮಿಳುನಾಡಿನ ಪೊಳ್ಳಾಚಿ ಭಾಗದಲ್ಲಿ ಮೊದಲು ಕಂಡ ಸುರುಳಿ ಬಿಳಿನೊಣ ಗರಿಯ ಅಡಿಭಾಗದಲ್ಲಿ ಸುರುಳಿಯಾಕಾರದಲ್ಲಿ ಮೊಟ್ಟೆಯಿಡುತ್ತದೆ. ಕೆಳಗಿನ ಗರಿಗಳ ಮೇಲೆ ಅಂಟು ದ್ರವ ಬಿದ್ದು ಕಪ್ಪು ಬೂಷ್ಟು ಬೆಳೆಯುತ್ತದೆ. ನೋಡಲು ಭಯಾನಕವಾದರೂ ಇಲ್ಲಿ ಔಷಧಿ ಸಿಂಪಡಣೆ ತಿರುಗುಬಾಣವಾಗುತ್ತದೆ. ಈ ಬಿಳಿನೊಣದ ಮರಿಗಳೊಳಗೆ ಮೊಟ್ಟೆಯಿಡುವ ಎನ್ಕಾರ್ಸಿಯಾ ಎಂಬ ಅತಿ ಸಣ್ಣ ಕಣಜ ತಾನಾಗಿಯೇ ಎಲ್ಲೆಡೆ ಹರಡಿದೆ. ಕೀಟನಾಶಕ ಮೊದಲು ಕೊಲ್ಲುವುದು ಆ ಕಣಜವನ್ನು.

ಪಪ್ಪಾಯಿ: 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಂಡ ಪಪ್ಪಾಯಿ ಹಿಟ್ಟು ತಿಗಣೆ ಪಪ್ಪಾಯಿಯ ಜೊತೆಗೆ ಹಿಪ್ಪುನೇರಳೆಯನ್ನೂ ಕಾಡಿತು. ರೇಷ್ಮೆ ಹುಳುವಿಗೆ ವಿಷವಾಗುವುದರಿಂದ ಹಿಪ್ಪುನೇರಳೆಗೆ ಸುಲಭವಾಗಿ ಔಷಧಿ ಹೊಡೆಯುವಂತಿರಲಿಲ್ಲ. 2010ರಲ್ಲಿ ಪೋರ್ಟೊ ರಿಕೊದಿಂದ ತರಿಸಿದ ಅಸೆರೊಫಾಗಸ್ ಎಂಬ ಪರತಂತ್ರ ಕಣಜವನ್ನು ಬಿಡುಗಡೆ ಮಾಡಿದ ನಂತರ ಈ ಪೀಡೆ ಹತೋಟಿಗೆ ಬಂತು. ಕೀಟ ಯಾವುದು, ಎಲ್ಲಿಂದ ಬಂದಿತು ಎಂಬುದು ಖಚಿತವಾಗಿ ತಿಳಿದದ್ದರಿಂದಲೇ ಅದರ ಸರಿಯಾದ ಶತ್ರುವನ್ನು ಹುಡುಕಿ ತರಲು ಸಾಧ್ಯವಾಯಿತು.

ದೀಪದ ಬಳಿ ವೀಕ್ಷಣೆ

ಪತಂಗಗಳು ನಿಶಾಚರಿಗಳಾದ್ದರಿಂದ ಹಗಲಿನಲ್ಲಿ ನೋಡಿದರೆ ಅವುಗಳ ಪರಿಚಯವಾಗುವುದಿಲ್ಲ. ತೋಟದ ಮನೆಯ ಗೋಡೆಗೆ ಅಥವಾ ಎರಡು ಗೂಟಗಳ ನಡುವೆ ಬಿಳಿ ಪಂಚೆ ಕಟ್ಟಿ, ಅದರ ಮುಂದೆ ಒಂದು ಬಲ್ಬು ತೂಗುಹಾಕಿದರೆ ವೀಕ್ಷಣೆಗೆ ಸಾಕು. ಸಂಜೆ 7ರಿಂದ 10 ಗಂಟೆಯವರೆಗೆ ನೋಡಿದರೆ ಹೆಚ್ಚಿನವು ಬರುತ್ತವೆ. ಅಮಾವಾಸ್ಯೆಯ ಆಸುಪಾಸು ಹಾಗೂ ಮಳೆ ಬಂದು ಬಿಟ್ಟ ಸಂಜೆಗಳು ಸೂಕ್ತ. ನೋಡಿದ ಮೇಲೆ ದೀಪ ಆರಿಸಿ. ರಾತ್ರಿಯಿಡೀ ಉರಿಸಿದರೆ ಮಿತ್ರಕೀಟಗಳೂ ಬಂದು ಸಾಯುತ್ತವೆ.

ಈ ವೀಕ್ಷಣೆಯಿಂದ ಮುನ್ಸೂಚನೆಯೂ ದೊರೆಯುತ್ತದೆ. ಶೇಂಗಾ ಬೆಳೆಯುವ ಬಯಲುಸೀಮೆಯಲ್ಲಿ ಕೆಂಪು ತಲೆ ಕಂಬಳಿ ಹುಳುವಿನ ಪತಂಗಗಳು ಮೊದಲ ಹದ ಮಳೆಯ ನಂತರ ಮಣ್ಣಿನೊಳಗಿನ ಕೋಶಗಳಿಂದ ಒಮ್ಮೆಲೇ ಹೊರಬರುತ್ತವೆ. ದೀಪದ ಬಳಿ ಈ ಬಿಳಿ ಪತಂಗಗಳು ಗುಂಪಾಗಿ ಕಂಡರೆ, ಕೆಲವೇ ದಿನಗಳಲ್ಲಿ ಮೊಟ್ಟೆಯ ಗುಂಪುಗಳನ್ನೂ ಮರಿಗಳನ್ನೂ ನಿರೀಕ್ಷಿಸಬಹುದು. ಹುಳುಗಳು ಬೆಳೆದು ಹೊಲದಿಂದ ಹೊಲಕ್ಕೆ ಸಾಗುವ ಮೊದಲೇ ಊರಿನವರೆಲ್ಲ ಸೇರಿ ಮೊಟ್ಟೆ ಹಾಗೂ ಮರಿಗಳ ಗುಂಪುಗಳನ್ನು ಆರಿಸಿ ನಾಶಪಡಿಸಲು ಆಗ ಸಮಯ ಸಿಗುತ್ತದೆ.

ಛಾಯಾಚಿತ್ರ ಮತ್ತು ಮಾದರಿ ಸಂಗ್ರಹ

ಮಸುಕಾದ ಒಂದು ಚಿತ್ರ ನೋಡಿ ಕೀಟವನ್ನು ಗುರುತಿಸುವುದು ತಜ್ಞರಿಗೂ ಕಷ್ಟ. ಆದ್ದರಿಂದ ಮೊಬೈಲಿನಲ್ಲಿ ಈ ಚಿತ್ರಗಳನ್ನು ತೆಗೆಯಿರಿ:

- ಕೀಟದ ಮೇಲ್ಭಾಗ, ಪಕ್ಕ ಹಾಗೂ ತಲೆಯ ಹತ್ತಿರದ ಚಿತ್ರ. ಗಾತ್ರ ತಿಳಿಯಲು ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಅಥವಾ ಅಳತೆಪಟ್ಟಿ ಇಡಿ.
- ಹಾನಿಗೊಳಗಾದ ಎಲೆ, ಹೂ ಅಥವಾ ಕಾಯಿಯ ಚಿತ್ರ. ಎಲೆಯ ಅಡಿಭಾಗವನ್ನೂ ತೆಗೆಯಿರಿ.
- ಇಡೀ ಗಿಡ ಹಾಗೂ ಹೊಲದ ಚಿತ್ರ.

ಚಿತ್ರದೊಂದಿಗೆ ದಿನಾಂಕ, ಊರು, ಬೆಳೆ, ತಳಿ, ಬೆಳೆಯ ವಯಸ್ಸು, ನೂರು ಗಿಡಗಳಲ್ಲಿ ಎಷ್ಟರಲ್ಲಿ ಕಂಡಿತು, ಬೀಜ ಅಥವಾ ಸಸಿ ಎಲ್ಲಿಂದ ತಂದದ್ದು, ಈವರೆಗೆ ಸಿಂಪಡಿಸಿದ ಔಷಧಿ ಯಾವುದು ಎಂಬ ವಿವರಗಳನ್ನು ಬರೆಯಿರಿ.

ಮಾದರಿ ಸಂಗ್ರಹಿಸುವಾಗ ಪಾಲಿಸಬೇಕಾದ ಕ್ರಮಗಳು:

- ಪತಂಗವನ್ನು ಕೈಯಿಂದ ಹಿಡಿದರೆ ರೆಕ್ಕೆಯ ಹುರುಪೆ ಉದುರಿ ಗುರುತು ಅಳಿಯುತ್ತದೆ. ಅಗಲಬಾಯಿಯ ಡಬ್ಬಿ ಕವುಚಿ ಹಿಡಿಯಿರಿ. ಒಂದು ರಾತ್ರಿ ಫ್ರೀಜರಿನಲ್ಲಿಟ್ಟು, ಸತ್ತ ಮೇಲೆ ಮಡಚಿದ ಕಾಗದದಲ್ಲಿ ಒಣಗಿದಂತೆ ಇಡಿ.
- ಸತ್ತ ಮರಿಹುಳುಗಳು ಬೇಗ ಕೊಳೆತು ಕಪ್ಪಾಗುತ್ತವೆ. ಅವುಗಳನ್ನು ಬಿಸಿನೀರಿನಲ್ಲಿ ಒಂದು ನಿಮಿಷ ಅದ್ದಿ, ನಂತರ ಆಲ್ಕೋಹಾಲ್ ತುಂಬಿದ ಸಣ್ಣ ಶೀಶೆಯಲ್ಲಿ ಹಾಕಿ. ಥ್ರಿಪ್ಸ್, ಹಿಟ್ಟು ತಿಗಣೆಯಂತಹ ಮೃದು ಕೀಟಗಳನ್ನು ನೇರವಾಗಿ ಆಲ್ಕೋಹಾಲಿನಲ್ಲಿಡಿ.
- ತಜ್ಞರು ಕೇಳಿದ ಹೊರತು ಜೀವಂತ ಕೀಟವನ್ನು ಬೇರೆ ಊರಿಗೆ ಒಯ್ಯಬೇಡಿ. ಹೊಸ ಪೀಡೆಯಾಗಿದ್ದರೆ ಅದನ್ನು ಹರಡಿದವರು ನಾವೇ ಆಗುತ್ತೇವೆ.
- ರೋಮವಿರುವ ಹುಳುಗಳನ್ನು ಬರಿಗೈಯಿಂದ ಮುಟ್ಟಬೇಡಿ. ನುಗ್ಗೆಯ ಕಂಬಳಿ ಹುಳುವಿನ ರೋಮ ತಾಗಿದರೆ ತುರಿಕೆ, ದದ್ದು ಉಂಟಾಗುತ್ತವೆ. ಮಾವು, ತೆಂಗಿನ ಎಲೆಗಳಲ್ಲಿರುವ ಮುಳ್ಳುಮೈಯ ಚಪ್ಪಟೆ ಹಸಿರು ಹುಳುಗಳು ಕುಟುಕಿದಂತೆ ಉರಿಸುತ್ತವೆ. ತಾಗಿದ ಜಾಗವನ್ನು ಉಜ್ಜದೆ, ಅಂಟುಪಟ್ಟಿ ಒತ್ತಿ ರೋಮ ತೆಗೆದು, ನೀರಿನಿಂದ ತೊಳೆಯಿರಿ. ಕಣ್ಣಿಗೆ ತಾಗಿದರೆ ಅಥವಾ ಉಸಿರಾಟದ ತೊಂದರೆಯಾದರೆ ಕೂಡಲೇ ವೈದ್ಯರನ್ನು ಕಾಣಿರಿ.

ಯಾರಿಗೆ ತಿಳಿಸಬೇಕು?

ಮೊದಲು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ, ತೋಟಗಾರಿಕಾ ಬೆಳೆಯಾದರೆ ತಾಲ್ಲೂಕಿನ ತೋಟಗಾರಿಕಾ ಇಲಾಖೆಯ ಕಚೇರಿಗೆ ತಿಳಿಸಿ. ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದ ಸಸ್ಯ ಸಂರಕ್ಷಣಾ ವಿಜ್ಞಾನಿಗಳಿಗೆ ಚಿತ್ರ ಹಾಗೂ ವಿವರ ಕಳುಹಿಸಬಹುದು. ಕಿಸಾನ್ ಕರೆ ಕೇಂದ್ರದ ಉಚಿತ ದೂರವಾಣಿ 1800-180-1551ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು. ಹೆಚ್ಚಿನ ಪರೀಕ್ಷೆ ಬೇಕಾದ ಮಾದರಿಗಳನ್ನು ಕೃಷಿ ಹಾಗೂ ತೋಟಗಾರಿಕಾ ವಿಶ್ವವಿದ್ಯಾಲಯಗಳ ಕೀಟಶಾಸ್ತ್ರ ವಿಭಾಗಗಳು ಮತ್ತು ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಪರಿಶೀಲಿಸುತ್ತವೆ.

ಗುರುತು ಖಚಿತವಾಗುವವರೆಗೆ ಚಿತ್ರ ತೋರಿಸಿ ಅಂಗಡಿಯಿಂದ ಔಷಧಿ ತಂದು ಸಿಂಪಡಿಸಬೇಡಿ. ಈ ನಡುವೆ ಕೈಗೆಟಕುವ ಮೊಟ್ಟೆಯ ಗುಂಪು, ಹಾನಿಗೊಳಗಾದ ಭಾಗಗಳನ್ನು ಕಿತ್ತು ಸೋಪಿನ ನೀರಿನಲ್ಲಿ ಅದ್ದಿ ನಾಶಪಡಿಸಬಹುದು. ಅಂತಹ ಹೊಲದಿಂದ ಸಸಿ, ಹಸಿ ಮೇವು, ಹಣ್ಣಿನ ಬುಟ್ಟಿಗಳನ್ನು ಬೇರೆಡೆಗೆ ಒಯ್ಯುವುದನ್ನು ಸಾಧ್ಯವಾದಷ್ಟು ತಡೆಯಬೇಕು.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ರೈತರು ಹೊಸ ಕೀಟವನ್ನು ತಂದು ತೋರಿಸಿದಾಗ ಅದು ಸಾಮಾನ್ಯ ಹುಳುವೇ ಆಗಿದ್ದರೂ ಉಪೇಕ್ಷಿಸಬಾರದು. ಒಮ್ಮೆ ಮುಖಭಂಗವಾದ ರೈತರು ಮುಂದೆ ನಿಜವಾದ ಹೊಸ ಪೀಡೆ ಕಂಡಾಗ ಬರುವುದಿಲ್ಲ. 'ಇದು ಅಪಾಯಕಾರಿಯಲ್ಲ, ಇಂತಹ ಕಾರಣಕ್ಕೆ' ಎಂಬ ಉತ್ತರವನ್ನಾದರೂ ಅವರಿಗೆ ತಲುಪಿಸಬೇಕು.

ಚಿತ್ರವೊಂದನ್ನೇ ನೋಡಿ 'ಹೊಸ ಕೀಟ ಪತ್ತೆ' ಎಂದು ಘೋಷಿಸಬಾರದು. ಸ್ಥಳಕ್ಕೆ ಭೇಟಿ ನೀಡಿ, ಮಾದರಿ ಸಂಗ್ರಹಿಸಿ, ತಜ್ಞರ ದೃಢೀಕರಣದ ನಂತರವೇ ಪ್ರಕಟಿಸಬೇಕು. ವಾಟ್ಸ್‌ಆಪ್ ಗುಂಪುಗಳಲ್ಲಿ ಹರಿದಾಡುವ ಚಿತ್ರಗಳ ಮೂಲವನ್ನು ವಿಚಾರಿಸಬೇಕು. ಪ್ರತಿ ದೂರನ್ನೂ ದಿನಾಂಕ, ಗ್ರಾಮ, ಬೆಳೆ ಸಹಿತ ಒಂದು ಪುಸ್ತಕದಲ್ಲಿ ದಾಖಲಿಸಿದರೆ, ಒಂದೇ ಬಗೆಯ ಹಾನಿ ಮೂರು ನಾಲ್ಕು ಗ್ರಾಮಗಳಿಂದ ಬಂದಾಗ ಅದು ಎದ್ದು ಕಾಣುತ್ತದೆ. ಪರಿಶೀಲಿಸಿದಾಗ ಕೀಟ ಕಾಣದಿದ್ದ ಹೊಲಗಳನ್ನೂ ದಾಖಲಿಸಬೇಕು. ಪೀಡೆ ಎಲ್ಲಿಯವರೆಗೆ ಹರಡಿದೆ ಎಂದು ತಿಳಿಯಲು ಅದು ಅಗತ್ಯ.

ಕೊನೆಯದಾಗಿ

ದೇಶಕ್ಕೆ ಹೊಸದಾಗಿ ಬರುವ ಪೀಡೆ ಮೊದಲು ಕಾಣಿಸಿಕೊಳ್ಳುವುದು ಯಾರದೋ ಹೊಲದಲ್ಲಿ, ಯಾರೋ ಒಬ್ಬ ಬೆಳೆಗಾರರ ಕಣ್ಣಿಗೆ. ಪ್ರತಿದಿನ ತೋಟ ಸುತ್ತುವ ನಿಮಗೆ ನಿಮ್ಮ ಬೆಳೆಯ ಮಾಮೂಲಿ ಕೀಟಗಳ ಪರಿಚಯ ಚೆನ್ನಾಗಿದ್ದರೆ, ಮಾಮೂಲಿನದಲ್ಲದ ಒಂದು ಬಂದ ದಿನವೇ ತಿಳಿಯುತ್ತದೆ. ವಾರಕ್ಕೆ ಎರಡು ಬಾರಿ ಅರ್ಧ ಗಂಟೆ ಎಲೆಯ ಅಡಿಭಾಗ, ಸುಳಿ, ಹೂಗಳನ್ನು ಪರೀಕ್ಷಿಸುವುದನ್ನು ರೂಢಿಸಿಕೊಳ್ಳಿ. ಅಪರಿಚಿತವಾದುದು ಕಂಡರೆ ಮೊದಲು ನಿಂತು ನೋಡಿ, ಚಿತ್ರ ತೆಗೆಯಿರಿ, ಎಣಿಸಿ, ತಿಳಿಸಿ. ಸಿಂಪಡಣೆಯ ಯೋಚನೆ ಗುರುತು ಖಚಿತವಾದ ನಂತರವಷ್ಟೇ ಇರಲಿ.